ಸುಖನಿದ್ರೆಗೆ ಭೌತಚಿಕಿತ್ಸೆಯ ನೆರವು

ಚಿಂತೆಯಿಲ್ಲದವನಿಗೆ ಸಂತೆಯಲ್ಲಿಯೂ ನಿದ್ದೆ ಎಂಬ ಗಾದೆಯನ್ನು ಕೇಳದ ಕನ್ನಡಿಗನಿರಲಾರ. ನಿದ್ರೆ ದೂರವಾಗುವುದಕ್ಕೆ ಮನಸ್ಸಿನ ಕಳವಳವೇ ಕಾರಣವೆಂಬ ಹಿರಿಯರ ಅನುಭವ ಈ ಗಾದೆಯಲ್ಲಿ ಅಡಗಿದೆ. ಆ ಮಾತು ಸತ್ಯವಾದರೂ ಪೂರ್ಣ ಸತ್ಯವಲ್ಲ. ಹೇಳಿಕೊಳ್ಳುವಂಥ ಚಿಂತೆಯೇನೂ ಇಲ್ಲದವರೂ ನಡುರಾತ್ರಿ ಎದ್ದು ಕುಳಿತು ಭುಜವನ್ನು ನೀವಿಕೊಳ್ಳುವುದುಂಟು. ಮಗ್ಗುಲು ಬದಲಿಸುವಾಗ ಸೊಂಟದಲ್ಲಿ ಚಳುಕು ಹೊಡೆದು ಎಚ್ಚರಗೊಳ್ಳುವವರುಂಟು. ಮೀನಖಂಡ ಹಿಡಿದುಕೊಂಡು ನರಳುವವರು, ಕೈಬೆರಳು ಜೋಮು ಹಿಡಿದು ಕೈ ಕೊಡವುತ್ತ ಕೂರುವವರು, ತಮ್ಮ ಗೊರಕೆಯಿಂದ ತಾವೇ ಬೆಚ್ಚಿ ಏಳುವವರು ಪ್ರತಿಯೊಂದು ಮನೆಯಲ್ಲಿಯೂ ಸಿಗುತ್ತಾರೆ. ಇವರ ನಿದ್ರೆಯನ್ನು ಕದಿಯುವ ಕಳ್ಳ ಮನಸ್ಸಿನಲ್ಲಿಲ್ಲ, ದೇಹದಲ್ಲಿದ್ದಾನೆ.

ಊರು ಬಿಟ್ಟು ಮುಂಬಯಿಯಂತಹ ಮಹಾನಗರವನ್ನು ಸೇರಿದವರಲ್ಲಿ ಈ ಬಗೆಯ ನಿದ್ರಾಭಂಗ ವಿಶೇಷವಾಗಿ ಕಂಡುಬರುತ್ತದೆ. ಡೊಂಬಿವಿಲಿಯಿಂದಲೋ ವಸಯಿಯಿಂದಲೋ ಕೋಟೆಯ ಕಚೇರಿಗೆ ಲೋಕಲ್ ರೈಲಿನಲ್ಲಿ ಗಂಟೆಗೂ ಮೀರಿ ಒಂದು ಕೈಯಲ್ಲಿ ಹಿಡಿಕೆ ಹಿಡಿದು ನಿಂತು ಬರುವ ಗುಮಾಸ್ತ, ಕಂಪ್ಯೂಟರಿನ ಎದುರು ಕತ್ತು ಮುಂದೆ ಚಾಚಿ ದಿನವಿಡೀ ಕೂರುವ ಯುವಕ, ಹೋಟೆಲಿನ ಗಲ್ಲೆಯಲ್ಲಿಯೋ ಒಲೆಯ ಮುಂದೆಯೋ ಹತ್ತು ಹನ್ನೆರಡು ಗಂಟೆ ನಿಲ್ಲುವ ಕೆಲಸಗಾರ, ಮನೆಯ ಕೆಲಸ ಮತ್ತು ಕಚೇರಿಯ ಕೆಲಸ ಎರಡನ್ನೂ ಹೊತ್ತ ಗೃಹಿಣಿ, ಇವರೆಲ್ಲರ ದೇಹವೂ ಹಗಲಿನ ಸಾಲವನ್ನು ರಾತ್ರಿಗೆ ಉಳಿಸಿಕೊಂಡೇ ಹಾಸಿಗೆಗೆ ಬರುತ್ತದೆ. ಬೆಳಗಿನ ಗಾಡಿ ತಪ್ಪಿಸುವಂತಿಲ್ಲವಾದ್ದರಿಂದ ಔಷಧದ ಅಂಗಡಿಯಿಂದ ಒಂದು ನೋವಿನ ಗುಳಿಗೆ ಬರುತ್ತದೆ. ಕೆಲವು ತಿಂಗಳ ಬಳಿಕ ಅದರ ಜೊತೆಗೆ ನಿದ್ರೆಯ ಗುಳಿಗೆಯೂ ಸೇರಿಕೊಳ್ಳುತ್ತದೆ. ಮೂಲ ಕಾರಣ ಮಾತ್ರ ಇದ್ದಲ್ಲಿಯೇ ಇರುತ್ತದೆ.

ಇಂತಹ ಸಂದರ್ಭಗಳಲ್ಲಿ ನೆನಪಾಗಬೇಕಾದದ್ದು ಭೌತಚಿಕಿತ್ಸೆ, ಅಂದರೆ ಜನಸಾಮಾನ್ಯರು ಫಿಸಿಯೋಥೆರಪಿ ಎಂದು ಕರೆಯುವ ಚಿಕಿತ್ಸೆ. ಮೂಳೆ ಮುರಿದವರಿಗೆ, ಪಾರ್ಶ್ವವಾಯು ಬಡಿದವರಿಗೆ ಮಾತ್ರ ಅದು ಬೇಕಾದದ್ದೆಂಬ ಕಲ್ಪನೆ ಇನ್ನೂ ಬಲವಾಗಿದೆ. ನಿದ್ರೆಗೂ ಅದಕ್ಕೂ ಏನು ಸಂಬಂಧವೆಂದು ಅನೇಕರು ಕೇಳಬಹುದು. ಸಂಬಂಧ ಬಹಳ ನಿಕಟವಾದದ್ದು.

ನಿದ್ರೆಯ ಸ್ವರೂಪ

ನಿದ್ರೆಯೆಂದರೆ ದೇಹ ಸುಮ್ಮನೆ ಬಿದ್ದಿರುವ ಸ್ಥಿತಿಯಲ್ಲ. ಅದಕ್ಕೆ ಕ್ರಮಬದ್ಧವಾದ ಹಂತಗಳಿವೆ. ಮೊದಲು ನಸುನಿದ್ರೆ, ಅನಂತರ ಗಾಢನಿದ್ರೆ, ಆಮೇಲೆ ಕಣ್ಣುಗುಡ್ಡೆಗಳು ರೆಪ್ಪೆಯ ಕೆಳಗೆ ವೇಗವಾಗಿ ಚಲಿಸುವ ಕನಸಿನ ನಿದ್ರೆ. ಈ ಕೊನೆಯ ಹಂತವನ್ನು 1953ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಆಸರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಎಂಬ ವಿಜ್ಞಾನಿಗಳು ಗುರುತಿಸಿದರು. ಈ ಮೂರೂ ಸೇರಿದ ಒಂದು ಸುತ್ತಿಗೆ ಸುಮಾರು 90 ನಿಮಿಷ ಹಿಡಿಯುತ್ತದೆ. ರಾತ್ರಿಯಲ್ಲಿ ಇಂತಹ ನಾಲ್ಕೈದು ಸುತ್ತುಗಳು ನಡೆಯುತ್ತವೆ. ವಯಸ್ಕರಿಗೆ ದಿನಕ್ಕೆ ಏಳು ಗಂಟೆಗೆ ಕಡಮೆಯಿಲ್ಲದ ನಿದ್ರೆ ಬೇಕೆಂಬುದು ತಜ್ಞರ ಅಭಿಮತ.

ರಾತ್ರಿಯ ಮೊದಲರ್ಧದಲ್ಲಿ ಗಾಢನಿದ್ರೆ ಹೆಚ್ಚು. ಆಗ ಬೆಳವಣಿಗೆಯ ಹಾರ್ಮೋನು ಹೇರಳವಾಗಿ ಸ್ರವಿಸುತ್ತದೆ. ಸ್ನಾಯು ಮತ್ತು ಇತರ ಅಂಗಾಂಶಗಳ ದುರಸ್ತಿ ನಡೆಯುತ್ತದೆ. ಆರೋಗ್ಯವಂತನು ನಿದ್ರೆಯಲ್ಲಿಯೇ ಹತ್ತಾರು ಬಾರಿ ಮಗ್ಗುಲು ಬದಲಿಸುತ್ತಾನೆ, ಆದರೆ ಅದು ಅವನ ಅರಿವಿಗೆ ಬರುವುದಿಲ್ಲ. ಒಂದೇ ಜಾಗದ ಮೇಲೆ ಭಾರ ಬಿದ್ದು ರಕ್ತಸಂಚಾರಕ್ಕೆ ಅಡ್ಡಿಯಾಗದಂತೆ ದೇಹವೇ ಮಾಡಿಕೊಂಡಿರುವ ಏರ್ಪಾಡು ಇದು. ಕೀಲು ಬಿಗಿದು ಸ್ನಾಯು ಗಂಟಿಕ್ಕಿದ್ದಾಗ ಇದೇ ಮಗ್ಗುಲು ಬದಲಾವಣೆ ನೋವಿನ ಪ್ರಸಂಗವಾಗುತ್ತದೆ. ಪ್ರತಿ ಸಲವೂ ನಿದ್ರೆ ಗಾಢ ಹಂತದಿಂದ ಮೇಲೆದ್ದು ಬರುತ್ತದೆ. ಎಂಟು ಗಂಟೆ ಮಲಗಿ ಎದ್ದರೂ ಮೈ ಹಗುರವಾಗದಿರುವುದಕ್ಕೆ ಇದೊಂದು ಮುಖ್ಯ ಕಾರಣ.

ನೋವು ಮತ್ತು ನಿದ್ರಾಭಂಗದ ವರ್ತುಲ

ಹಗಲಿನಲ್ಲಿ ಸಹಿಸಬಹುದಾದ ನೋವು ರಾತ್ರಿ ಉಲ್ಬಣಿಸುವುದು ಕೇವಲ ಭ್ರಮೆಯಲ್ಲ. ಹಗಲು ಕೆಲಸದ ಗಡಿಬಿಡಿಯಲ್ಲಿ ಮನಸ್ಸು ಬೇರೆಡೆ ಹರಿದಿರುತ್ತದೆ. ರಾತ್ರಿ ನೋವಿಗೆ ಎದುರಾಳಿ ಯಾರೂ ಇರುವುದಿಲ್ಲ. ಅಲುಗಾಟವಿಲ್ಲದೆ ಕೀಲುಗಳು ಪೆಡಸಾಗುತ್ತವೆ. ಉರಿಯೂತವನ್ನು ಹತೋಟಿಯಲ್ಲಿಡುವ ಕಾರ್ಟಿಸೋಲ್ ಎಂಬ ಹಾರ್ಮೋನು ರಕ್ತದಲ್ಲಿ ಅತ್ಯಂತ ಕಡಮೆಯಿರುವುದೂ ಮಧ್ಯರಾತ್ರಿಯ ಸುಮಾರಿಗೇ.

ನೋವಿನಿಂದ ನಿದ್ರೆ ಕೆಡುತ್ತದೆಂಬುದು ಎಲ್ಲರಿಗೂ ತಿಳಿದ ವಿಷಯ. ನಿದ್ರೆ ಕೆಟ್ಟರೆ ನೋವು ಹುಟ್ಟುತ್ತದೆಂಬುದು ಅಷ್ಟು ಪ್ರಚಾರಕ್ಕೆ ಬಂದಿಲ್ಲ. ಕೆನಡಾದ ಟೊರಾಂಟೊ ನಗರದಲ್ಲಿ ಹಾರ್ವಿ ಮಾಲ್ಡಾಫ್‌ಸ್ಕಿ ಮತ್ತು ಅವರ ಸಹೋದ್ಯೋಗಿಗಳು 1975ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಆರೋಗ್ಯವಂತರ ಗಾಢನಿದ್ರೆಯನ್ನು ಮಾತ್ರ ಶಬ್ದದಿಂದ ಕದಡಲಾಯಿತು. ಯಾವ ಪೆಟ್ಟೂ ತಗಲದ ಅವರಿಗೆ ಕೆಲವೇ ದಿನಗಳಲ್ಲಿ ಮೈಕೈ ನೋವು ಕಾಣಿಸಿಕೊಂಡಿತು. ಸ್ನಾಯುಗಳನ್ನು ಒತ್ತಿದರೆ ನೋಯುತ್ತಿದ್ದವು. ಸರಿಯಾಗಿ ನಿದ್ರಿಸಲು ಬಿಟ್ಟ ಮೇಲೆ ಈ ತೊಂದರೆ ಮಾಯವಾಯಿತು. ಅನಂತರದ ಸಂಶೋಧನೆಗಳೂ ಇದೇ ದಿಕ್ಕನ್ನು ತೋರಿಸಿವೆ. ನಿದ್ರೆ ಸಾಲದಾದಾಗ ನೋವನ್ನು ಅಡಗಿಸುವ ನರಮಂಡಲದ ಶಕ್ತಿ ಕುಗ್ಗುತ್ತದೆ.

ಹೀಗೆ ನೋವು ನಿದ್ರೆಯನ್ನು ಕೆಡಿಸುತ್ತದೆ, ಕೆಟ್ಟ ನಿದ್ರೆ ನೋವನ್ನು ಹೆಚ್ಚಿಸುತ್ತದೆ, ಹೆಚ್ಚಿದ ನೋವಿಗೆ ಹೆದರಿ ಮನುಷ್ಯ ಅಲುಗಾಡುವುದನ್ನೇ ಬಿಡುತ್ತಾನೆ, ಅಲುಗಾಟವಿಲ್ಲದ ದೇಹ ಇನ್ನಷ್ಟು ಬಿಗಿಯುತ್ತದೆ. ಈ ವರ್ತುಲವನ್ನು ಎಲ್ಲಿಯಾದರೊಂದು ಕಡೆ ಕತ್ತರಿಸಲೇಬೇಕು. ಗುಳಿಗೆ ನೋವನ್ನು ಕೆಲವು ಗಂಟೆ ಮರೆಸುತ್ತದೆ. ಭೌತಚಿಕಿತ್ಸೆ ಬಿಗಿತವನ್ನೂ ಹೆದರಿಕೆಯನ್ನೂ ಒಟ್ಟಿಗೆ ಕಳೆಯಲು ಯತ್ನಿಸುತ್ತದೆ.

ಭೌತಚಿಕಿತ್ಸಕನ ಕಾರ್ಯ

ಭಾರತದಲ್ಲಿ ಭೌತಚಿಕಿತ್ಸೆ ಬೇರೂರಿದ್ದು ಪೋಲಿಯೋ ಪೀಡಿತ ಮಕ್ಕಳ ಶುಶ್ರೂಷೆಯ ಕಾಲದಲ್ಲಿ. ಅದರ ಮೊದಲ ನೆಲೆಗಳಲ್ಲಿ ಮುಂಬಯಿಯೂ ಒಂದು. ಹಾಜಿ ಆಲಿಯ ಬಳಿಯಿರುವ ಅಖಿಲ ಭಾರತ ಭೌತವೈದ್ಯ ಮತ್ತು ಪುನರ್ವಸತಿ ಸಂಸ್ಥೆ 1955ರಲ್ಲಿ ಆರಂಭವಾಯಿತು. 2014ರಲ್ಲಿ ಭಾರತ ಪೋಲಿಯೋಮುಕ್ತವೆಂದು ಘೋಷಿತವಾಯಿತು. ಆದರೆ ಆ ಶಾಸ್ತ್ರ ಕೀಲುನೋವು, ಶ್ವಾಸಕೋಶದ ತೊಂದರೆ, ವೃದ್ಧಾಪ್ಯ, ಗರ್ಭಾವಸ್ಥೆ ಮೊದಲಾದ ಅನೇಕ ಕ್ಷೇತ್ರಗಳಿಗೆ ಹಬ್ಬಿದೆ. 2021ರಲ್ಲಿ ಸಂಸತ್ತು ಅಂಗೀಕರಿಸಿದ ಕಾನೂನು ಭೌತಚಿಕಿತ್ಸಕರನ್ನು ಆರೋಗ್ಯ ವೃತ್ತಿಯವರೆಂದು ವಿಧಿವತ್ತಾಗಿ ಪರಿಗಣಿಸಿದೆ.

ತಿಳಿದ ಚಿಕಿತ್ಸಕನು ಮೊದಲು ಮಾಡುವುದು ಪ್ರಶ್ನೆ ಮತ್ತು ಪರೀಕ್ಷೆ. ಎಚ್ಚರವಾಗುವುದು ಎಷ್ಟು ಹೊತ್ತಿಗೆ? ಯಾವ ಮಗ್ಗುಲಿಗೆ ಮಲಗಿದಾಗ? ಎದ್ದು ನಾಲ್ಕು ಹೆಜ್ಜೆ ನಡೆದರೆ ನೋವು ಇಳಿಯುವುದೋ ಏರುವುದೋ? ಹಾಸಿಗೆ ಎಂಥದು, ದಿಂಬು ಎಷ್ಟು? ಇವುಗಳ ಉತ್ತರದಿಂದ ಅರ್ಧ ನಿದಾನ ಸಿಕ್ಕಿಬಿಡುತ್ತದೆ. ಅನಂತರ ಕೀಲು ಎಷ್ಟು ಬಾಗುವುದು, ಯಾವ ಸ್ನಾಯು ದುರ್ಬಲವಾಗಿದೆ, ನಡಿಗೆ ಹೇಗಿದೆ ಎಂಬುದನ್ನು ನೋಡುತ್ತಾನೆ.

ಇಲ್ಲಿ ಒಂದು ತಪ್ಪುಕಲ್ಪನೆಯನ್ನು ನಿವಾರಿಸಬೇಕು. ಕಾವು ಕೊಡುವುದು, ವಿದ್ಯುತ್ ಯಂತ್ರ ಹಚ್ಚುವುದು, ತಿಕ್ಕುವುದು, ಇಷ್ಟೇ ಭೌತಚಿಕಿತ್ಸೆಯೆಂದು ಭಾವಿಸಿ ಹತ್ತು ದಿನ ಹೋಗಿ ಮಲಗಿ ಬರುವವರು ಬಹಳ. ಇವು ತಾತ್ಕಾಲಿಕ ಉಪಶಮನ ನೀಡಿ ದೇಹವನ್ನು ವ್ಯಾಯಾಮಕ್ಕೆ ಅಣಿಗೊಳಿಸುವ ಸಾಧನಗಳು ಮಾತ್ರ. ಮುಖ್ಯ ಚಿಕಿತ್ಸೆ ವ್ಯಾಯಾಮವೇ. ರೋಗಿ ತಾನೇ ಮನೆಯಲ್ಲಿ ದಿನವೂ ಮಾಡುವ ಹದಿನೈದು ಇಪ್ಪತ್ತು ನಿಮಿಷದ ಸಾಧನೆಯೇ ಫಲ ಕೊಡುವಂಥದು.

ಕತ್ತು, ಬೆನ್ನು ಮತ್ತು ಹಾಸಿಗೆ

ಹಾಸಿಗೆಯಿದ್ದಷ್ಟು ಕಾಲು ಚಾಚು ಎಂಬ ಮಾತು ನಗರದ ಪುಟ್ಟ ಮನೆಗಳಲ್ಲಿ ಅಕ್ಷರಶಃ ಸತ್ಯವಾಗುತ್ತದೆ. ಹಗಲು ಸುತ್ತಿಟ್ಟ ಗಾದಿಯನ್ನು ರಾತ್ರಿ ಬಿಚ್ಚಿ ಒಬ್ಬರ ಪಕ್ಕ ಒಬ್ಬರು ಒತ್ತಿ ಮಲಗುವಲ್ಲಿ ಮಗ್ಗುಲು ಬದಲಿಸಲೂ ಸಂಕೋಚ. ಆದರೂ ಇರುವ ಸ್ಥಳದಲ್ಲಿಯೇ ಮಾಡಿಕೊಳ್ಳಬಹುದಾದ ತಿದ್ದುಪಡಿಗಳಿವೆ.

ಬೆನ್ನುನೋವಿಗೆ ಬರಿಯ ಹಲಗೆಯೇ ಪರಮೌಷಧವೆಂಬ ನಂಬಿಕೆ ಬಹು ಹಿಂದಿನಿಂದ ಬಂದಿದೆ. ಸ್ಪೇನ್ ದೇಶದಲ್ಲಿ ದೀರ್ಘಕಾಲದ ಸೊಂಟನೋವಿದ್ದ 313 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಬಲು ಗಟ್ಟಿ ಹಾಸಿಗೆಯನ್ನೂ ಇನ್ನೊಂದಕ್ಕೆ ಮಧ್ಯಮ ಗಟ್ಟಿಯ ಹಾಸಿಗೆಯನ್ನೂ ಕೊಟ್ಟು 90 ದಿನ ಪರೀಕ್ಷಿಸಿದರು. 2003ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಮಧ್ಯಮ ಗಟ್ಟಿಯ ಹಾಸಿಗೆಯವರಿಗೇ ಹೆಚ್ಚು ಹಿತವಾದದ್ದು ಕಂಡುಬಂತು. ನಡುವೆ ಕುಳಿ ಬಿದ್ದ ಹಳೆಯ ಹತ್ತಿಯ ಹಾಸಿಗೆ, ಒಳಗೆ ಹುದುಗಿಹೋಗುವ ಮೆತ್ತನೆಯ ಫೋಮು, ಬರಿಯ ನೆಲ ಇವು ಮೂರೂ ಬೆನ್ನಿಗೆ ಒಗ್ಗುವಂಥವಲ್ಲ. ನೆಲದ ಮೇಲೆಯೇ ಮಲಗುವವರು ಚಾಪೆಯ ಮೇಲೆ ಸಮನಾದ ಗಾದಿಯನ್ನು ಹಾಸಿಕೊಂಡರೆ ಸಾಕು.

ಮಗ್ಗುಲಾಗಿ ಮಲಗುವವರ ದಿಂಬು ಹೆಗಲಿಗೂ ಕತ್ತಿಗೂ ನಡುವಿನ ತೆರಪನ್ನು ತುಂಬುವಷ್ಟು ಎತ್ತರವಿರಬೇಕು. ತಲೆ ಕೆಳಗೆ ಜೋಲಲೂ ಬಾರದು, ಮೇಲಕ್ಕೆ ಬಾಗಲೂ ಬಾರದು. ಮೊಣಕಾಲುಗಳ ನಡುವೆ ಒಂದು ದಿಂಬನ್ನೋ ಮಡಿಸಿದ ಹೊದಿಕೆಯನ್ನೋ ಇಟ್ಟುಕೊಂಡರೆ ಸೊಂಟದ ತಿರುಚು ತಪ್ಪುತ್ತದೆ. ಅಂಗಾತ ಮಲಗುವವರಿಗೆ ಮಂಡಿಯ ಕೆಳಗೆ ದಿಂಬು ಬೇಕು. ತಲೆಗೆ ಎರಡು ದಿಂಬು ಬೇಡ. ಕವುಚಿ ಮಲಗಿದರೆ ಕತ್ತು ಗಂಟೆಗಟ್ಟಲೆ ಒಂದೇ ಕಡೆ ತಿರುಗಿರುವುದರಿಂದ ಕತ್ತುನೋವಿನವರು ಆ ಅಭ್ಯಾಸವನ್ನು ಬಿಡುವುದು ಲೇಸು. ಗರ್ಭಿಣಿಯರು 28 ವಾರಗಳ ನಂತರ ಅಂಗಾತ ಮಲಗದೆ ಮಗ್ಗುಲಾಗಿ ಮಲಗಬೇಕೆಂದು ವೈದ್ಯರು ಹೇಳುತ್ತಾರೆ. ಹೊಟ್ಟೆಯ ಕೆಳಗೂ ಬೆನ್ನ ಹಿಂದೆಯೂ ಆಸರೆಯ ದಿಂಬಿದ್ದರೆ ಅವರಿಗೆ ನಿದ್ರೆ ಸುಲಭ. ಏಳುವಾಗ ಯಾರೂ ನೆಟ್ಟನೆ ಮೇಲೇಳಬಾರದು. ಮಗ್ಗುಲಾಗಿ ಹೊರಳಿ, ಕಾಲು ಮಡಿಸಿ, ಕೈಯೂರಿ ಏಳಬೇಕು.

ಇವೆಲ್ಲ ರಾತ್ರಿಯ ಆಸರೆ. ಬೆನ್ನನ್ನು ನಿಜವಾಗಿ ಕಾಪಾಡುವುದು ಹಗಲಿನ ವ್ಯಾಯಾಮ. ಅಂಗಾತ ಮಲಗಿ ಮೊಣಕಾಲು ಮಡಿಸಿ ಸೊಂಟವನ್ನು ನೆಲದಿಂದ ನಿಧಾನವಾಗಿ ಎತ್ತಿ ಇಳಿಸುವುದು, ಒಂದೊಂದೇ ಮಂಡಿಯನ್ನು ಎದೆಗೆ ತಂದುಕೊಳ್ಳುವುದು, ಗೋಡೆಗೆ ಬೆನ್ನು ಕೊಟ್ಟು ನಿಂತು ಗದ್ದವನ್ನು ಒಳಕ್ಕೆಳೆದು ತಲೆಯ ಹಿಂಭಾಗವನ್ನು ಗೋಡೆಗೆ ತಾಗಿಸುವುದು ಸಾಮಾನ್ಯವಾಗಿ ಹೇಳಿಕೊಡುವ ಸಾಧನೆಗಳು. ಯಾರಿಗೆ ಯಾವುದು ಹಿತ, ಯಾವುದು ಅಹಿತ ಎಂಬುದನ್ನು ಚಿಕಿತ್ಸಕನೇ ನಿರ್ಧರಿಸಬೇಕು.

ಭುಜ, ಮಣಿಕಟ್ಟು, ಮಂಡಿ, ಮೀನಖಂಡ

ನಲವತ್ತು ದಾಟಿದವರಲ್ಲಿ, ಅದರಲ್ಲಿಯೂ ಸಕ್ಕರೆ ಕಾಯಿಲೆಯಿರುವವರಲ್ಲಿ, ಭುಜದ ಕೀಲು ಕ್ರಮೇಣ ಬಿಗಿದು ತಲೆ ಬಾಚಲೂ ಆಗದಂತಾಗುವುದುಂಟು. ಫ್ರೋಜನ್ ಶೋಲ್ಡರ್ ಎಂದು ಹೆಸರಾದ ಈ ತೊಂದರೆಯ ಮೊದಲ ಲಕ್ಷಣವೇ ರಾತ್ರಿಯ ನೋವು. ಆ ಕಡೆಗೆ ಮಲಗದೆ, ಅಂಗಾತ ಮಲಗಿ ತೋಳಿನ ಕೆಳಗೆ ದಿಂಬಿಟ್ಟುಕೊಳ್ಳುವುದು ಮೊದಲ ಉಪಾಯ. ಮುಂದೆ ಬಾಗಿ ತೋಳನ್ನು ಗಡಿಯಾರದ ಲೋಲಕದಂತೆ ಹಗುರವಾಗಿ ತೂಗಾಡಿಸುವ ಸಾಧನೆಯನ್ನು ನೋವಿನ ಮಿತಿಯೊಳಗೆ ಮಾಡಿಸುತ್ತಾರೆ. ಕೀಲು ಪೂರ್ತಿ ಸಡಿಲವಾಗಲು ತಿಂಗಳುಗಳೇ ಹಿಡಿಯಬಹುದು. ರಾತ್ರಿಯ ನೋವು ಅದಕ್ಕಿಂತ ಮೊದಲೇ ತಗ್ಗುವುದು ಸಾಮಾನ್ಯ.

ಬೆರಳುಗಳು ಜೋಮು ಹಿಡಿದು ಎಚ್ಚರವಾಗಿ, ಕೈ ಕೊಡವಿದರೆ ಸರಿಹೋಗುವ ತೊಂದರೆ ಮಣಿಕಟ್ಟಿನ ಇಕ್ಕಟ್ಟಾದ ದಾರಿಯಲ್ಲಿ ನರವೊಂದು ಅದುಮಲ್ಪಡುವುದರಿಂದ ಬರುತ್ತದೆ. ಇದು ಹೆಂಗಸರಲ್ಲಿ ಹೆಚ್ಚು. ನಿದ್ರೆಯಲ್ಲಿ ಮಣಿಕಟ್ಟು ಮಡಿಸಿಕೊಳ್ಳದಂತೆ ಅದನ್ನು ನೇರವಾಗಿಡುವ ಪಟ್ಟಿಯನ್ನು ರಾತ್ರಿ ಮಾತ್ರ ಕಟ್ಟಿಕೊಂಡರೆ ಅನೇಕರಿಗೆ ಕೆಲವು ವಾರಗಳಲ್ಲಿ ಸಮಾಧಾನ ದೊರೆಯುತ್ತದೆ.

ಮಂಡಿ ಸವೆದವರಿಗೆ ತೊಡೆಯ ಮುಂಭಾಗದ ಸ್ನಾಯುವನ್ನು ಬಲಪಡಿಸುವುದೇ ಪ್ರಧಾನ ಚಿಕಿತ್ಸೆ. ಕುರ್ಚಿಯ ಮೇಲೆ ಕುಳಿತು ಕಾಲನ್ನು ನೇರವಾಗಿ ಚಾಚಿ ಐದು ಎಣಿಸುವವರೆಗೆ ಹಿಡಿಯುವ ಸರಳ ಸಾಧನೆಯಿಂದ ಅದು ಆರಂಭವಾಗುತ್ತದೆ.

ರಾತ್ರಿ ಮೀನಖಂಡ ಗಂಟಿಕ್ಕುವ ತೊಂದರೆಗೆ ಹಾಲೆಂಡಿನ ಭೌತಚಿಕಿತ್ಸಕರು 2012ರಲ್ಲಿ ಪ್ರಕಟಿಸಿದ ಅಧ್ಯಯನ ಉಪಯುಕ್ತವಾಗಿದೆ. 55 ವರ್ಷ ದಾಟಿದ 80 ಮಂದಿಯಲ್ಲಿ ಒಂದು ಗುಂಪಿನವರು ಆರು ವಾರ ಕಾಲ ಮಲಗುವ ಮುನ್ನ ಮೀನಖಂಡ ಮತ್ತು ತೊಡೆಯ ಹಿಂಭಾಗದ ಸ್ನಾಯುಗಳನ್ನು ಎಳೆಯುವ ಸಾಧನೆ ಮಾಡಿದರು. ಮಾಡದಿದ್ದವರಿಗೆ ಹೋಲಿಸಿದರೆ ಅವರಿಗೆ ಈ ಸೆಳೆತ ಕಡಮೆ ಬಾರಿ ಬಂತು, ಬಂದಾಗಲೂ ಅಷ್ಟು ತೀವ್ರವಾಗಿರಲಿಲ್ಲ. ಗೋಡೆಗೆ ಎದುರಾಗಿ ನಿಂತು, ಅಂಗೈಗಳನ್ನು ಗೋಡೆಗೆ ಊರಿ, ಒಂದು ಕಾಲನ್ನು ಹಿಂದಿಟ್ಟು, ಹಿಮ್ಮಡಿ ಮೇಲೇಳದಂತೆ ಮುಂದಕ್ಕೆ ವಾಲಿ ಹತ್ತು ಎಣಿಸುವುದು. ಪ್ರತಿ ಕಾಲಿಗೂ ಮೂರು ಸಲ. ದಿನವಿಡೀ ನಿಂತೇ ದುಡಿಯುವ ಹೋಟೆಲು ಕೆಲಸಗಾರರಿಗೆ ಇಂತಹ ಸಾಧನೆ ಹಿತಕರ. ಅವರು ಮಲಗುವ ಮುನ್ನ ಹತ್ತು ನಿಮಿಷ ಕಾಲುಗಳನ್ನು ಎತ್ತರದಲ್ಲಿ ಇಟ್ಟುಕೊಂಡರೆ ಕಾಲಿನ ಭಾರವೂ ಇಳಿಯುತ್ತದೆ.

ಹಾಸಿಗೆಯಲ್ಲಿ ಬರುವ ತಲೆಸುತ್ತು

ಹಾಸಿಗೆಯಲ್ಲಿ ಹೊರಳಿದೊಡನೆ ಕೋಣೆಯೇ ತಿರುಗಿದಂತಾಗುವ ತೊಂದರೆಯೊಂದಿದೆ. ರಕ್ತದೊತ್ತಡವೆಂದೋ ಪಿತ್ತವೆಂದೋ ಭಾವಿಸಿ ಕುಳಿತೇ ರಾತ್ರಿ ಕಳೆಯುವವರುಂಟು. ಒಳಕಿವಿಯಲ್ಲಿ ಸಮತೋಲವನ್ನು ಅರಿಯುವ ಅಂಗದ ಸೂಕ್ಷ್ಮ ಸುಣ್ಣದ ಹರಳುಗಳು ತಮ್ಮ ಸ್ಥಾನದಿಂದ ಕಳಚಿ ಅರ್ಧವೃತ್ತದ ನಾಳದೊಳಗೆ ಸೇರಿಕೊಳ್ಳುವುದೇ ಇದರ ಸಾಮಾನ್ಯ ಕಾರಣ. ಅಮೆರಿಕದ ವೈದ್ಯ ಜಾನ್ ಎಪ್ಲಿ 1992ರಲ್ಲಿ ಪ್ರಕಟಿಸಿದ ಕ್ರಮದಂತೆ, ರೋಗಿಯ ತಲೆಯನ್ನು ಒಂದಾದ ಮೇಲೊಂದು ನಿರ್ದಿಷ್ಟ ಭಂಗಿಗೆ ತಿರುಗಿಸಿ ಆ ಹರಳುಗಳನ್ನು ಮರಳಿ ಸ್ವಸ್ಥಾನಕ್ಕೆ ಉರುಳಿಸಬಹುದು. ಬಹುಮಂದಿಗೆ ಒಂದೆರಡು ಸಲದಲ್ಲಿಯೇ ಗುಣ ಕಾಣುತ್ತದೆ. ತರಬೇತು ಪಡೆದ ವೈದ್ಯರಿಂದಲೋ ಭೌತಚಿಕಿತ್ಸಕರಿಂದಲೋ ಮಾತ್ರ ಇದನ್ನು ಮಾಡಿಸಿಕೊಳ್ಳಬೇಕು.

ಗೊರಕೆ ಮತ್ತು ಉಸಿರಾಟ

ಗೊರಕೆ ಗಾಢನಿದ್ರೆಯ ಲಕ್ಷಣವೆಂಬುದು ದೊಡ್ಡ ತಪ್ಪು. ಜೋರಾದ ಗೊರಕೆಯ ನಡುವೆ ಉಸಿರು ನಿಂತು, ಮತ್ತೆ ಏದುಸಿರಿನೊಂದಿಗೆ ಆರಂಭವಾಗುತ್ತಿದ್ದರೆ ಅದು ಸ್ಲೀಪ್ ಆಪ್ನಿಯಾ ಎಂಬ ವ್ಯಾಧಿಯಾಗಿರಬಹುದು. ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಶ್ವಾಸಮಾರ್ಗ ಮುಚ್ಚಿಕೊಳ್ಳುವುದು ಇದರ ಕಾರಣ. ರಕ್ತದೊತ್ತಡ, ಹೃದಯದ ತೊಂದರೆ, ಹಗಲಿನ ತೂಕಡಿಕೆ, ಅದರಿಂದ ಅಪಘಾತ, ಹೀಗೆ ಇದರ ಪರಿಣಾಮ ದೂರ ಹೋಗುತ್ತದೆ. ವೈದ್ಯರ ಪರೀಕ್ಷೆ ಅನಿವಾರ್ಯ. ಮಧ್ಯಮ ಮತ್ತು ತೀವ್ರ ಸ್ಥಿತಿಯಲ್ಲಿ ಮೂಗಿನ ಮೂಲಕ ಒತ್ತಡದಿಂದ ಗಾಳಿ ಹಾಯಿಸುವ ಸಿ-ಪ್ಯಾಪ್ ಯಂತ್ರವೇ ಪ್ರಮುಖ ಚಿಕಿತ್ಸೆ. ಅದನ್ನು 1981ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಸಲ್ಲಿವನ್ ಪ್ರಚುರಪಡಿಸಿದರು.

ಇದಕ್ಕೆ ಪೂರಕವಾಗಿ ವ್ಯಾಯಾಮವೂ ನೆರವಾಗುತ್ತದೆ. ಬ್ರೆಜಿಲ್ ದೇಶದಲ್ಲಿ ಮಧ್ಯಮ ಪ್ರಮಾಣದ ಈ ವ್ಯಾಧಿಯಿದ್ದ 31 ಮಂದಿಯ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಮೂರು ತಿಂಗಳು ನಾಲಗೆ, ಅಂಗಳು, ಗಂಟಲಿನ ಸಾಧನೆ ಮಾಡಿದವರಲ್ಲಿ ಉಸಿರು ನಿಲ್ಲುವ ಪ್ರಸಂಗಗಳು ಗಣನೀಯವಾಗಿ ಇಳಿದವು. 2025ರಲ್ಲಿ ಜೈಪುರದ ವೈದ್ಯರು ಪ್ರಕಟಿಸಿದ ಅಧ್ಯಯನ ಕನ್ನಡಿಗರಿಗೆ ವಿಶೇಷ ಕುತೂಹಲ ಹುಟ್ಟಿಸುವಂಥದು. ಅಲ್ಲಿ 30 ರೋಗಿಗಳಲ್ಲಿ ಕೆಲವರಿಗೆ ಆರು ತಿಂಗಳು ಶಂಖ ಊದುವ ಅಭ್ಯಾಸವನ್ನೂ ಉಳಿದವರಿಗೆ ದೀರ್ಘ ಉಸಿರಾಟವನ್ನೂ ಹೇಳಿಕೊಡಲಾಯಿತು. ಶಂಖ ಊದಿದವರಲ್ಲಿ ಹಗಲಿನ ತೂಕಡಿಕೆ ಕಡಮೆಯಾಯಿತು, ರಾತ್ರಿಯ ಉಸಿರಾಟ ಸುಧಾರಿಸಿತು. ಊರಿನ ದಾಸಯ್ಯನ ಶಂಖಕ್ಕೆ ಇಂಥದೊಂದು ಗುಣವಿದ್ದೀತೆಂದು ಯಾರು ಊಹಿಸಿದ್ದರು! ಆದರೆ ಇವು ಚಿಕ್ಕ ಅಧ್ಯಯನಗಳು. ಯಂತ್ರ ಬಳಸುವವರು ಅದನ್ನು ಬಿಟ್ಟು ಶಂಖ ಹಿಡಿಯುವುದು ಸಲ್ಲದು. ಗೊರಕೆಯವರು ಅಂಗಾತ ಮಲಗದೆ ಮಗ್ಗುಲಾಗಿ ಮಲಗುವುದೂ ತೂಕ ಇಳಿಸುವುದೂ ಹಿತಕರ.

ಸಡಿಲಿಸುವ ವಿದ್ಯೆ

ನೋವಿಲ್ಲದಿದ್ದರೂ ದೇಹ ಬಿಗಿಹಿಡಿದೇ ಇರುವುದುಂಟು. ಹಲ್ಲು ಕಚ್ಚಿ, ಹೆಗಲು ಕಿವಿಯತ್ತ ಎತ್ತಿ, ಮುಷ್ಟಿ ಬಿಗಿದು ಮಲಗುವವರಿಗೆ ತಾವು ಹಾಗಿರುವುದು ತಿಳಿಯುವುದೂ ಇಲ್ಲ. ಷಿಕಾಗೋದ ವೈದ್ಯ ಎಡ್ಮಂಡ್ ಜೇಕಬ್‌ಸನ್ 1929ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದಕ್ಕೊಂದು ಕ್ರಮವನ್ನು ನಿರೂಪಿಸಿದರು. ಈ ಕ್ರಮ ಇಂದು ರೂಢಿಯಲ್ಲಿರುವ ರೀತಿ ಹೀಗಿದೆ. ಪಾದದಿಂದ ಆರಂಭಿಸಿ ಒಂದೊಂದೇ ಸ್ನಾಯುಸಮೂಹವನ್ನು ಕೆಲವು ಕ್ಷಣ ಬಿಗಿಹಿಡಿದು ಅನಂತರ ಪೂರ್ತಿ ಸಡಿಲ ಬಿಡಬೇಕು. ಪಾದ, ಮೀನಖಂಡ, ತೊಡೆ, ಹೊಟ್ಟೆ, ಕೈ, ಹೆಗಲು, ಮುಖ ಹೀಗೆ ಮೇಲೇರಬೇಕು. ಬಿಗಿತಕ್ಕೂ ಸಡಿಲಿಕೆಗೂ ಇರುವ ಅಂತರವನ್ನು ದೇಹ ಅರಿಯುವುದೇ ಇದರ ಮರ್ಮ. ಶವಾಸನವನ್ನು ಬಲ್ಲವರಿಗೆ ಇದು ತೀರ ಅಪರಿಚಿತವೆನಿಸದು. ಜೊತೆಗೆ ಹೊಟ್ಟೆ ಉಬ್ಬುವಂತೆ ಮೂಗಿನಿಂದ ನಿಧಾನವಾಗಿ ಉಸಿರೆಳೆದು, ಅದಕ್ಕಿಂತ ನಿಧಾನವಾಗಿ ಬಿಡುವ ಅಭ್ಯಾಸವನ್ನು ಸೇರಿಸುತ್ತಾರೆ. ದಿನವೂ ಮಾಡಿದರೆ ಎರಡು ಮೂರು ವಾರಗಳಲ್ಲಿ ಇದು ಕೈವಶವಾಗುತ್ತದೆ.

ಹಗಲಿನ ಚಟುವಟಿಕೆ

ವಯಸ್ಕರು ವಾರಕ್ಕೆ 150 ನಿಮಿಷವಾದರೂ ಮಧ್ಯಮ ಶ್ರಮದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಪುನಃ ಸಾರಿತು. ಚುರುಕು ನಡಿಗೆಯೇ ಸಾಕು. ಕ್ರಮವಾಗಿ ವ್ಯಾಯಾಮ ಮಾಡುವವರಿಗೆ ನಿದ್ರೆ ಬೇಗ ಹತ್ತುತ್ತದೆ, ನಡುವೆ ಎಚ್ಚರವಾಗುವುದು ಕಡಮೆ. ಫಲ ಕಾಣಲು ಕೆಲವು ವಾರ ಬೇಕು. ಮಲಗುವ ಒಂದು ಗಂಟೆಯೊಳಗೆ ಬೆವರು ಹರಿಯುವ ವ್ಯಾಯಾಮ ಬೇಡ. ಮೆಲ್ಲನೆ ಮೈ ಎಳೆಯುವ ಸಾಧನೆಗೆ ಅಡ್ಡಿಯಿಲ್ಲ. ಮಲಗುವ ಒಂದೆರಡು ಗಂಟೆ ಮುಂಚೆ ಬೆಚ್ಚಗಿನ ಸ್ನಾನ ಮಾಡಿದರೆ ಚರ್ಮದ ಮೂಲಕ ಶಾಖ ಹೊರಹೋಗಿ ದೇಹದ ಒಳ ಉಷ್ಣತೆ ಇಳಿಯುತ್ತದೆ. ಈ ಇಳಿತವೇ ನಿದ್ರೆಗೆ ಕರೆ. ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಮಲಗುವವರು ಕೋಣೆಯನ್ನು ಕತ್ತಲೆ ಮಾಡಿಕೊಂಡು, ಶ್ರಮದ ವ್ಯಾಯಾಮವನ್ನು ಎದ್ದ ಮೇಲೆ ಇಟ್ಟುಕೊಳ್ಳುವುದು ಮೇಲು.

ಈ ವಿಷಯದಲ್ಲಿ ಹೆಚ್ಚು ಗಮನ ಬೇಕಾದವರು ಊರಿನಿಂದ ಮಕ್ಕಳ ಮನೆಗೆ ಬಂದ ಹಿರಿಯರು. ಊರಿನಲ್ಲಿ ತೋಟ, ಹಿತ್ತಲು, ದೇವಸ್ಥಾನ, ನೆರೆಮನೆ ಎಂದು ಅರಿವಿಲ್ಲದೆಯೇ ಮೈಲಿಗಟ್ಟಲೆ ನಡೆಯುತ್ತಿದ್ದವರು ಇಲ್ಲಿ ನಾಲ್ಕನೆಯ ಮಾಳಿಗೆಯ ಎರಡು ಕೋಣೆಗಳಲ್ಲಿ ಬಂದಿಗಳಾಗುತ್ತಾರೆ. ಹಗಲು ಟಿ.ವಿ.ಯ ಮುಂದೆ ತೂಕಡಿಕೆ, ರಾತ್ರಿ ಜಾಗರಣೆ. ನಿದ್ರೆಯ ಗುಳಿಗೆ ನುಂಗಿದ ವೃದ್ಧೆ ನಡುರಾತ್ರಿ ಬಚ್ಚಲಿಗೆ ಹೋಗುವಾಗ ತೂಗಾಡಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರೆ ಇಡೀ ಸಂಸಾರವೇ ಅಲ್ಲಾಡುತ್ತದೆ. ಭೌತಚಿಕಿತ್ಸಕನು ಕಲಿಸುವ ಕುರ್ಚಿಯಿಂದ ಎದ್ದು ಕೂರುವ ಸಾಧನೆ, ಕಟ್ಟೆಯನ್ನು ಹಿಡಿದು ಒಂಟಿಕಾಲಲ್ಲಿ ನಿಲ್ಲುವ ಸಮತೋಲದ ಅಭ್ಯಾಸ, ಬೆಳಗ್ಗೆ ಸಂಜೆ ಬಿಸಿಲು ತಾಗುವಂತೆ ಒಂದು ಸುತ್ತು ನಡಿಗೆ, ಇವು ನಿದ್ರೆಗೂ ಒದಗುತ್ತವೆ, ಬೀಳುವುದನ್ನೂ ತಪ್ಪಿಸುತ್ತವೆ. ಮೂತ್ರದ ಅವಸರದಿಂದ ಪದೇ ಪದೇ ಏಳುವ ಹೆಂಗಸರಿಗೆ ವಸ್ತಿಕುಹರದ ತಳದ ಸ್ನಾಯುಗಳನ್ನು ಬಿಗಿದು ಬಿಡುವ ಸಾಧನೆಯಿದೆ. ಅಮೆರಿಕದ ಆರ್ನಾಲ್ಡ್ ಕೀಗಲ್ 1948ರಲ್ಲಿ ಅದನ್ನು ಪ್ರಚಾರಕ್ಕೆ ತಂದರು. ನಾಚಿಕೆಯಿಂದ ಬಾಯಿಬಿಡದೆ ವರ್ಷಗಟ್ಟಲೆ ನಿದ್ರೆಗೆಡುವವರು ಇದನ್ನು ತಿಳಿದಿರಬೇಕು.

ಮಿತಿ ಮತ್ತು ಎಚ್ಚರಿಕೆ

ಭೌತಚಿಕಿತ್ಸೆ ಎಲ್ಲ ಅನಿದ್ರೆಗೂ ಮದ್ದಲ್ಲ. ದೇಹದಲ್ಲಿ ಕಾರಣವಿಲ್ಲದೆ ದೀರ್ಘಕಾಲ ಕಾಡುವ ನಿದ್ರಾಹೀನತೆಗೆ, ಮಲಗುವ ಏಳುವ ಅಭ್ಯಾಸಗಳನ್ನೂ ನಿದ್ರೆಯ ಬಗೆಗಿನ ಆತಂಕವನ್ನೂ ತಿದ್ದುವ ಮನೋವೈಜ್ಞಾನಿಕ ಚಿಕಿತ್ಸೆಯೇ ಮೊದಲ ಆಯ್ಕೆಯಾಗಬೇಕೆಂದು ಅಮೆರಿಕದ ವೈದ್ಯರ ಕಾಲೇಜು 2016ರಲ್ಲಿ ಸಲಹೆ ಮಾಡಿತು. ಖಿನ್ನತೆ, ಥೈರಾಯ್ಡ್ ದೋಷ, ರಕ್ತದಲ್ಲಿ ಕಬ್ಬಿಣದ ಕೊರತೆಯಿಂದ ಕಾಲು ತಡೆಯಲಾರದಂತೆ ಚಡಪಡಿಸುವ ತೊಂದರೆ, ಇವುಗಳಿಗೆ ಬೇರೆ ಚಿಕಿತ್ಸೆಯುಂಟು.

ಕೆಲವು ಲಕ್ಷಣಗಳು ಕಂಡಾಗ ವ್ಯಾಯಾಮಕ್ಕೆ ತೊಡಗದೆ ಮೊದಲು ವೈದ್ಯರನ್ನು ಕಾಣಬೇಕು. ಯಾವ ಭಂಗಿಯಲ್ಲಿಯೂ ತಗ್ಗದೆ ರಾತ್ರಿಯಿಡೀ ಕಾಡುವ ನೋವು, ಅದರೊಂದಿಗೆ ಜ್ವರ ಅಥವಾ ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಬಂದಿದ್ದವರಲ್ಲಿ ಹೊಸದಾಗಿ ತೋರುವ ಬೆನ್ನುನೋವು, ಬಿದ್ದ ಮೇಲಿನ ನೋವು ಇವು ಅಲಕ್ಷಿಸತಕ್ಕವಲ್ಲ. ಬೆನ್ನುನೋವಿನೊಡನೆ ಮಲಮೂತ್ರದ ಹತೋಟಿ ತಪ್ಪಿದರೆ, ಕೂರುವ ಭಾಗ ಮರಗಟ್ಟಿದರೆ, ಕಾಲು ಸೋತರೆ ಅದೇ ದಿನ ಆಸ್ಪತ್ರೆ ಸೇರಬೇಕು. ಎಡ ತೋಳು ಅಥವಾ ದವಡೆಗೆ ಹರಿಯುವ ಎದೆನೋವನ್ನು ಸ್ನಾಯುನೋವೆಂದು ತಿಕ್ಕುತ್ತ ಕೂರಬಾರದು. ಬಹುಕಾಲದಿಂದ ನಿದ್ರೆಯ ಗುಳಿಗೆ ಸೇವಿಸುತ್ತಿರುವವರು ಅದನ್ನು ಒಮ್ಮೆಲೇ ನಿಲ್ಲಿಸಬಾರದು; ವೈದ್ಯರ ಸಲಹೆಯಂತೆ ಕ್ರಮಕ್ರಮವಾಗಿ ಇಳಿಸಬೇಕು.

ಚಿಕಿತ್ಸಕನ ಬಳಿ ಹೋಗುವ ಮುನ್ನ ಒಂದು ವಾರ ಕಾಲ ಮಲಗಿದ ಹೊತ್ತು, ಎಚ್ಚರವಾದ ಹೊತ್ತು, ನೋವಿನ ಜಾಗ, ಯಾವುದರಿಂದ ಹಿತವಾಯಿತು ಎಂಬುದನ್ನು ಒಂದು ಕಾಗದದಲ್ಲಿ ಗುರುತಿಸಿಟ್ಟುಕೊಂಡರೆ ನಿದಾನಕ್ಕೆ ಬಹಳ ಅನುಕೂಲ. ಹೇಳಿಕೊಟ್ಟ ಸಾಧನೆಯನ್ನು ಆರು ವಾರವಾದರೂ ಬಿಡದೆ ಮಾಡಬೇಕು. ಮೊದಲ ವಾರ ನೋವು ಸ್ವಲ್ಪ ಹೆಚ್ಚಿದರೆ ಕೈಬಿಡದೆ ಚಿಕಿತ್ಸಕನಿಗೆ ತಿಳಿಸಿ ಪ್ರಮಾಣವನ್ನು ತಗ್ಗಿಸಿಕೊಳ್ಳಬೇಕು. ದೊಡ್ಡ ಸರಕಾರಿ ಮತ್ತು ನಗರಪಾಲಿಕೆಯ ಆಸ್ಪತ್ರೆಗಳಲ್ಲಿ ಭೌತಚಿಕಿತ್ಸಾ ವಿಭಾಗಗಳಿದ್ದು, ಅಲ್ಪ ವೆಚ್ಚದಲ್ಲಿ ಈ ಸೇವೆ ದೊರೆಯುತ್ತದೆ. ದುಡಿಮೆಗಾಗಿ ಪರಸ್ಥಳಕ್ಕೆ ಬಂದವರಿಗೆ ದೇಹವೇ ಮೂಲಧನ. ರಾತ್ರಿಯ ನೋವು ದುಡಿಯುವವನ ಹಣೆಬರಹವೆಂದು ಸಹಿಸಿಕೊಂಡು, ಗುಳಿಗೆಯ ಮೇಲೆ ವರ್ಷಗಳನ್ನು ನೂಕುವ ಅಗತ್ಯ ಅನೇಕರಿಗೆ ಇಲ್ಲ. ಗಾಡಿಯ ಹೊತ್ತಿಗೆ ಇಪ್ಪತ್ತು ನಿಮಿಷ ಮೊದಲೇ ಎದ್ದು ಸಾಧನೆಗೆ ತೊಡಗಿದವರು ಆ ಇಪ್ಪತ್ತು ನಿಮಿಷವನ್ನು ರಾತ್ರಿಯ ನಿದ್ರೆಯಲ್ಲಿ ಮರಳಿ ಪಡೆಯುವ ಸಂಭವ ಹೆಚ್ಚು.